ಹಿತ್ತಾಳೆಯಲ್ಲಿ ಒಂದು ಬಂಡಿ



ಇಂದಿನ ನನ್ನ ಮಾತಿನ ವಿಷಯ ಪುಟ್ಟ ವಾಹನಗಳು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಾರು, ಜೀಪುಗಳ ಬಗ್ಗೆ ನಾನು ಹೇಳುತ್ತಿಲ್ಲ. ನಿಜವಾದ ವಾಹನವೊಂದನ್ನು ಅಳೆದು, ಆ ಅಳತೆಯನ್ನು ಹತ್ತನೆಯ ಒಂದು ಅಥವಾ ಹದಿನೈದನೆಯ ಒಂದು ಭಾಗಕ್ಕೆ ಇಳಿಸಿ, ಅದರ ಒಂದೊಂದು ಅಂಗವನ್ನೂ ಲೋಹದ ತಗಡು, ಸರಳು ಮತ್ತು ತಂತಿಗಳಿಂದ ಕೈಯಾರೆ ತಯಾರಿಸಿ ಜೋಡಿಸುವ ಕಲೆಯ ಬಗ್ಗೆ ಹೇಳುತ್ತಿದ್ದೇನೆ. ಈ ಹವ್ಯಾಸದವರು ಇದನ್ನು ‘ಸ್ಕ್ರ್ಯಾಚ್ ಬಿಲ್ಡಿಂಗ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮೊದಲ ಮೊಳೆಯಿಂದ ಕೊನೆಯ ಕೀಲಿನವರೆಗೆ ಎಲ್ಲವನ್ನೂ ನಾವೇ ಮಾಡುವುದು. ಸಿದ್ಧ ಬಿಡಿಭಾಗ ಒಂದನ್ನೂ ಕೊಳ್ಳುವಂತಿಲ್ಲ.

ಈ ಕಲೆಯಲ್ಲಿ ಜಗತ್ತಿನಾದ್ಯಂತ ಹೆಸರಾದವರು ಇಂಗ್ಲೆಂಡಿನ ಜೆರಾಲ್ಡ್ ವಿಂಗ್ರೋವ್. ತಮ್ಮ ಪತ್ನಿ ಫಿಲ್ಲಿಸ್ ಅವರೊಂದಿಗೆ ಸೇರಿ ಅವರು ಹಳೆಯ ಕಾಲದ ಶ್ರೇಷ್ಠ ಕಾರುಗಳನ್ನು 1:15ರ ಪ್ರಮಾಣದಲ್ಲಿ ನಿರ್ಮಿಸಿದರು. ಮೂಲ ಕಾರಿನ ಬಳಿಗೆ ಹೋಗಿ, ಅದನ್ನು ಅಳೆದು, ನೂರಾರು ಛಾಯಾಚಿತ್ರ ತೆಗೆದು, ನಕ್ಷೆ ಬರೆದ ನಂತರವೇ ಅವರು ಲೋಹವನ್ನು ಕೈಗೆತ್ತಿಕೊಳ್ಳುತ್ತಿದ್ದರು. ಗಾಲಿಯ ತಂತಿಗಳನ್ನು ಒಂದೊಂದಾಗಿ ಪೋಣಿಸುತ್ತಿದ್ದರು. ಅವರ ಮಾದರಿಯ ಛಾಯಾಚಿತ್ರವನ್ನಷ್ಟೇ ನೋಡಿದವರಿಗೆ ಅದು ನಿಜವಾದ ಕಾರೋ ಬೊಂಬೆಯೋ ಎಂದು ಹೇಳುವುದು ಕಷ್ಟ.

ಇದು ಹಣವಿದ್ದವರ, ಪುರುಸೊತ್ತಿದ್ದವರ, ಹೊರದೇಶದವರ ಹವ್ಯಾಸವೆಂದು ನಿಮಗೆ ಅನ್ನಿಸಬಹುದು. ಆದರೆ ಲೋಹದಲ್ಲಿ ವಾಹನದ ಮಾದರಿ ಮಾಡುವ ಕೆಲಸ ನಮ್ಮ ಉಪಖಂಡಕ್ಕೆ ಹೊಸದಲ್ಲ.

ಲೋಹ ಉಳಿಯಿತು, ಮರ ಹೋಯಿತು

ಸಿಂಧೂ ಕಣಿವೆಯ ಹರಪ್ಪ ಮತ್ತು ಚನ್ಹುದಾರೊ ನೆಲೆಗಳಲ್ಲಿ ಉತ್ಖನನ ಮಾಡಿದಾಗ ತಾಮ್ರದ ಪುಟ್ಟ ಬಂಡಿಗಳು ಸಿಕ್ಕಿವೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತುಗಳು ಅವು. ಅವುಗಳ ವಯಸ್ಸು 4,000 ವರ್ಷಗಳಿಗೂ ಹೆಚ್ಚು. ನಮಗೆ ಇನ್ನೂ ಹತ್ತಿರದ ಉದಾಹರಣೆ ಮಹಾರಾಷ್ಟ್ರದ ದೈಮಾಬಾದ್. ಪ್ರವರಾ ನದಿಯ ದಂಡೆಯ ಈ ಊರಿನಲ್ಲಿ 1974ರಲ್ಲಿ ನಾಲ್ಕು ಕಂಚಿನ ವಸ್ತುಗಳು ಮಣ್ಣಿನಿಂದ ಹೊರಬಂದವು. ಅವುಗಳಲ್ಲಿ ಒಂದು ಎತ್ತುಗಳ ರಥ. ಅದರ ಉದ್ದ ಸುಮಾರು 45 ಸೆಂಟಿಮೀಟರ್. ಎರಡು ಎತ್ತು, ಉದ್ದನೆಯ ಮೂಕಿ, ನೊಗ, ಎರಡು ಗಾಲಿ, ನಿಂತು ಬಂಡಿ ಹೊಡೆಯುವ ಒಬ್ಬ ಮನುಷ್ಯ, ಎಲ್ಲವೂ ಅದರಲ್ಲಿವೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಕಾಲದ ಜನ ಓಡಿಸಿದ ನಿಜವಾದ ಮರದ ಬಂಡಿಗಳು ಸಾವಿರಾರು ಇದ್ದಿರಬೇಕು. ಗೆದ್ದಲು, ಮಳೆ ಮತ್ತು ಬೆಂಕಿ ಅವನ್ನೆಲ್ಲ ತಿಂದುಹಾಕಿದವು. ಹೊಲಕ್ಕೆ ಹೋದ ಬಂಡಿ ಉಳಿಯಲಿಲ್ಲ, ಅದರ ಪುಟ್ಟ ಲೋಹದ ಮಾದರಿ ಉಳಿಯಿತು. ಉತ್ತರ ಪ್ರದೇಶದ ಸಿನೌಲಿಯಲ್ಲಿ 2018ರಲ್ಲಿ ದೊರೆತ ವಾಹನಗಳ ಕತೆಯೂ ಇದೇ. ಮರ ಮಣ್ಣಾಗಿತ್ತು. ಗಾಲಿಗೆ ಕೂರಿಸಿದ್ದ ತಾಮ್ರದ ತುಂಡುಗಳು ಇದ್ದಲ್ಲೇ ಇದ್ದವು. ಆ ತಾಮ್ರದ ಗುರುತು ಹಿಡಿದು ವಿದ್ವಾಂಸರು ಗಾಲಿಯ ಆಕಾರವನ್ನು ತಿಳಿದರು. ಅದು ರಥವೋ ಬಂಡಿಯೋ ಎಂಬ ಚರ್ಚೆ ಮುಂದುವರಿದಿದೆ. ಗಾಲಿ ಹೇಗಿತ್ತೆಂಬುದಕ್ಕೆ ಸಾಕ್ಷಿ ಹೇಳಿದ್ದು ಮಾತ್ರ ಲೋಹವೇ.

ಮರಳಿಯ ಸುತ್ತಮುತ್ತ

ಈಗ ನಮ್ಮ ನಾಡಿಗೆ ಬರೋಣ. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು, ಮರಳಿ. ಈ ಸೀಮೆಯಲ್ಲಿ ವಾಹನದ ಮಾದರಿಯನ್ನು ನೋಡಲು ಬಹಳ ದೂರ ಹೋಗಬೇಕಿಲ್ಲ. ತುಂಗಭದ್ರೆಯ ಆಚೆ ದಡದಲ್ಲಿ ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವಿದೆ. ಅದು ನಿಜಕ್ಕೂ ಗರುಡನ ಗುಡಿ. ಆದರೆ ಅದನ್ನು ಕಡೆದ ಶಿಲ್ಪಿಗೆ ತೇರಿನ ಗಾಲಿ, ಅಚ್ಚು, ಕೀಲುಗಳ ಪರಿಚಯ ಚೆನ್ನಾಗಿತ್ತೆಂದು ನೋಡಿದ ಕೂಡಲೇ ತಿಳಿಯುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಲ್ಲಿ ಬೊಂಬೆಗಳನ್ನು ಕೆತ್ತಿ ಬಣ್ಣ ಹಾಕುವ ಕಲೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಕಲ್ಲಿನಲ್ಲಿ ಮಾದರಿ ಇದೆ, ಮರದಲ್ಲಿ ಬೊಂಬೆ ಇದೆ. ಆದರೆ ಈ ಸೀಮೆಯ ಹೊಲಗಳಲ್ಲಿ ನೂರಾರು ವರ್ಷ ಓಡಿದ ಹಳಿ ಗಾಲಿಯ ಎತ್ತಿನ ಬಂಡಿಯ ಅಳತೆ ಎಲ್ಲಿದೆ?

ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಗಂಗಾವತಿಗೆ ‘ಭತ್ತದ ಕಣಜ’ ಎಂಬ ಹೆಸರು ಬಂತು. ಭತ್ತದ ಜೊತೆಗೆ ಟ್ರ್ಯಾಕ್ಟರ್ ಬಂತು, ಕೆಸರಿನಲ್ಲಿ ಓಡಲು ಅದಕ್ಕೆ ಕಬ್ಬಿಣದ ಕೇಜ್ ವ್ಹೀಲ್ ಬಂತು. ಎತ್ತಿನ ಬಂಡಿಗೂ ಲಾರಿಯ ಹಳೆಯ ಟೈರು ಬಂತು. ಇದರಲ್ಲಿ ತಪ್ಪೇನೂ ಇಲ್ಲ. ಟೈರಿನ ಬಂಡಿ ಎತ್ತಿನ ಹೆಗಲಿಗೆ ಹಗುರ, ರಸ್ತೆಗೂ ಒಳ್ಳೆಯದು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯನ್ನು ಗಂಭೀರವಾದ ಅಧ್ಯಯನದ ವಿಷಯವಾಗಿ ತೆಗೆದುಕೊಂಡು, ಅದು ಸುಧಾರಿಸಬೇಕು, ಮೂಕಪ್ರಾಣಿಯ ಸಂಕಟ ಕಡಿಮೆಯಾಗಬೇಕು ಎಂದು ದಶಕಗಳ ಕಾಲ ಶ್ರಮಿಸಿದರು. ಹಳೆಯ ಬಂಡಿ ಮರಳಿ ಬರಲಿ ಎಂದು ನಾನು ಕೇಳುತ್ತಿಲ್ಲ. ಅದನ್ನು ಮಾಡುತ್ತಿದ್ದ ವಿದ್ಯೆ ಕಾಣದಂತೆ ಹೋಗಬಾರದು ಎಂಬುದಷ್ಟೇ ನನ್ನ ಕಳಕಳಿ.

ಮೈಸೂರಿನ ರೈಲು ಸಂಗ್ರಹಾಲಯದಲ್ಲಿ 1979ರಿಂದ ಹಳೆಯ ಉಗಿಬಂಡಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಕಾರ್ಖಾನೆಯಲ್ಲಿ ತಯಾರಾದ ಉಗಿಬಂಡಿಗೆ ನಕ್ಷೆಯೂ ಇರುತ್ತದೆ. ಊರ ಬಡಿಗೇರರು ಮತ್ತು ಕಂಬಾರರು ಸೇರಿ ಮಾಡಿದ ಬಂಡಿಗೆ ನಕ್ಷೆ ಇರಲಿಲ್ಲ. ಅದರ ನಕ್ಷೆ ಅವರ ಕೈಯಲ್ಲಿತ್ತು. ಆ ಕೈಗಳಿಗೆ ಈಗ ವಯಸ್ಸಾಗಿದೆ.

ಕ್ಯಾಮೆರಾ ಹಿಡಿಯಲಾಗದ್ದು

ದೂರದರ್ಶನದವನು ನಾನು. ಇಂಥ ಕೆಲಸಗಳನ್ನು ಚಿತ್ರೀಕರಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಚಿತ್ರೀಕರಣ ಬೇಕೇ ಬೇಕು. ಆದರೆ ಕ್ಯಾಮೆರಾ ನೋಟವನ್ನು ಹಿಡಿಯುತ್ತದೆ, ಅಳತೆಯನ್ನು ಹಿಡಿಯುವುದಿಲ್ಲ. ಗಾಲಿಯ ಹೊರಮೈ ಪರದೆಯ ಮೇಲೆ ಕಾಣುತ್ತದೆ. ಗುಂಬದ ಒಳಗೆ, ಅಂದರೆ ಗಾಲಿಯ ನಡುವಿನ ಗುಂಡು ಭಾಗದೊಳಗೆ, ಅರದ ತುದಿ ಎಷ್ಟು ಆಳಕ್ಕೆ ಇಳಿದಿದೆ, ಅದರ ತಲೆ ಎಷ್ಟು ಓರೆಯಾಗಿದೆ ಎಂಬುದು ಕಾಣುವುದಿಲ್ಲ. ಮಾದರಿ ಮಾಡುವವನಿಗೆ ಮಾತ್ರ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಒಳಗಿನ ಅಳತೆ ಗೊತ್ತಿಲ್ಲದೆ ಅವನು ಮುಂದಿನ ತುಂಡನ್ನು ಕತ್ತರಿಸಲಾರ.

ಮರಳಿಯ ಕಡೆಯ ಹಿರಿಯ ಕಂಬಾರರೊಬ್ಬರನ್ನು, ಗಾಲಿಗೆ ಹಳಿ ಕೂರಿಸುವಾಗ ಅದನ್ನು ಎಷ್ಟು ಕಾಸಬೇಕೆಂದು ನಾನು ಕೇಳಿದೆ.

“ಕಣ್ಣಿಗೆ ಕಾಣತೈತ್ರೀ ಸಾಹೇಬ್ರ, ಬಾಯಿಲೆ ಹೇಳಾಕ ಬರಂಗಿಲ್ಲ,” ಎಂದರು ಅವರು.

“ಹಂಗಾದ್ರ ಹಳಿ ಗಾಲಿಗಿಂತ ಎಷ್ಟು ಸಣ್ಣದಿರಬೇಕ್ರೀ ಯಜಮಾನ್ರ?”

ಅವರು ಬಾಯಿಂದ ಉತ್ತರ ಹೇಳಲಿಲ್ಲ. ತೋರುಬೆರಳನ್ನು ಅಡ್ಡ ಹಿಡಿದು ತೋರಿಸಿದರು. ಒಂದು ಬೆರಳಿನ ಅಗಲ.

ವಿಜ್ಞಾನ ಓದಿದವನಾದ್ದರಿಂದ ನಾನು ಆ ಬೆರಳನ್ನು ಲೆಕ್ಕಕ್ಕೆ ಇಳಿಸಿ ನೋಡಿದೆ. ಗಾಲಿಯ ವ್ಯಾಸ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಆಗ ಅದರ ಸುತ್ತಳತೆ ಸುಮಾರು 4.7 ಮೀಟರ್. ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದಾಗ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. ಕುಳ್ಳಿನ ಬೆಂಕಿಯಲ್ಲಿ ಹಳಿಯನ್ನು 500 ಡಿಗ್ರಿಯಷ್ಟು ಕಾಸಿದರೆ ಅದರ ಸುತ್ತಳತೆ ಸುಮಾರು 28 ಮಿಲಿಮೀಟರ್ ಹೆಚ್ಚುತ್ತದೆ. ಬೆರಳಿನ ಅಗಲ ಸುಮಾರು 18 ಮಿಲಿಮೀಟರ್. ಅಂದರೆ ತಣ್ಣಗಿದ್ದಾಗ ಒಂದು ಬೆರಳು ಚಿಕ್ಕದಾಗಿದ್ದ ಹಳಿ, ಕಾದಾಗ ಗಾಲಿಗಿಂತ 10 ಮಿಲಿಮೀಟರ್ ದೊಡ್ಡದಾಗುತ್ತದೆ. ಸುತ್ತಳತೆಯ 10 ಮಿಲಿಮೀಟರ್ ಎಂದರೆ ವ್ಯಾಸದಲ್ಲಿ 3 ಮಿಲಿಮೀಟರ್. ಇಕ್ಕಳದಲ್ಲಿ ಹಿಡಿದು ತಂದು ಗಾಲಿಯ ಮೇಲೆ ಇಳಿಸಲು ಅಷ್ಟು ಸಡಿಲ ಸಾಕು. ಮೇಲೆ ನೀರು ಸುರಿದಾಗ ಹಳಿ ಕುಗ್ಗಿ ಗಾಲಿಯನ್ನು ನಾಲ್ಕೂ ಕಡೆಯಿಂದ ಬಿಗಿಯುತ್ತದೆ.

ಬೆರಳಿನ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಗಾಲಿಯ ಹೊರ ಬಳೆ ಒಂದೇ ಮರದ್ದಲ್ಲ, ಬಾಗಿದ ತುಂಡುಗಳನ್ನು ಕೂಡಿಸಿದ್ದು. ಹನ್ನೆರಡು ಅರಗಳ ಗಾಲಿಯಲ್ಲಿ ಒಂದೊಂದು ತುಂಡಿಗೆ ಎರಡು ಅರ, ಒಟ್ಟು ಆರು ತುಂಡು, ಆರು ಸಂದು. ಬಡಿಗೇರರು ಈ ಸಂದುಗಳನ್ನು ಬಿಗಿಯಾಗಿ ಮುಚ್ಚುವುದಿಲ್ಲ, ಸ್ವಲ್ಪ ಬಿಡುತ್ತಾರೆ. ಹಳಿ ಕುಗ್ಗಿದಾಗ ಆ ಸಂದು ಮುಚ್ಚಿ, ಅರಗಳು ಗುಂಬದೊಳಕ್ಕೆ ಒತ್ತಿಕೊಂಡು ಕೂರುತ್ತವೆ. ಒಂದು ಬೆರಳನ್ನು ಆರು ಸಂದಿಗೆ ಹಂಚಿ ನೋಡಿ. ಒಂದಕ್ಕೆ ಸುಮಾರು 3 ಮಿಲಿಮೀಟರ್. ಬಡಿಗೇರರು ಬಿಡುವ ಸಂದು ಮತ್ತು ಕಂಬಾರರು ತೋರಿಸಿದ ಬೆರಳು, ಇವೆರಡೂ ಒಂದೇ ಲೆಕ್ಕದ ಎರಡು ತುದಿಗಳು. ಇದನ್ನು ಅವರು ಪುಸ್ತಕದಲ್ಲಿ ಬರೆದಿಡಲಿಲ್ಲ, ಒಬ್ಬರ ಕೈ ನೋಡಿ ಇನ್ನೊಬ್ಬರು ಕಲಿತರು. ಕಲಿಯುವವರು ನಿಂತ ದಿನ ಈ ವಿದ್ಯೆಯೂ ನಿಲ್ಲುತ್ತದೆ. ಅದಕ್ಕೆ ಮೊದಲು ಅದನ್ನು ಅಳೆದು, ಲೋಹದಲ್ಲಿ ಇನ್ನೊಮ್ಮೆ ಮಾಡಿ ಇಡಬೇಕೆಂಬುದೇ ನನ್ನ ಇಂದಿನ ಮಾತಿನ ತಿರುಳು.

ಅಳತೆ ಮತ್ತು ನಕ್ಷೆ

ಇಂಥ ಮಾದರಿಯನ್ನು ಮಾಡುವುದು ಹೇಗೆ? ಮೊದಲ ಕೆಲಸ ಸರಿಯಾದ ಬಂಡಿಯನ್ನು ಹುಡುಕುವುದು. ಹಿತ್ತಲಲ್ಲಿ, ದನದ ಕೊಟ್ಟಿಗೆಯ ಪಕ್ಕದಲ್ಲಿ ನಿಂತುಬಿಟ್ಟ ಬಂಡಿಗಳು ಇನ್ನೂ ಅಲ್ಲಲ್ಲಿ ಇವೆ. ಅದನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಮೂಕಿಗೆ ಆಧಾರ ಕೊಟ್ಟು, ರಸಮಟ್ಟ ಇಟ್ಟು ನೋಡಬೇಕು. ನೇರವನ್ನು ತೂಗುಗುಂಡಿನಿಂದ, ಉದ್ದವನ್ನು ಟೇಪಿನಿಂದ, ದಪ್ಪವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಬೇಕು. ಸವೆದ ಭಾಗವನ್ನೂ ಸವೆಯದ ಭಾಗವನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಹಳಿ ನೆಲ ಮುಟ್ಟುವ ಕಡೆ ಸವೆದಿರುತ್ತದೆ. ಪ್ರತಿಯೊಂದು ಭಾಗದ ಪಕ್ಕದಲ್ಲಿ ಆ ಊರಿನವರು ಅದಕ್ಕೆ ಹೇಳುವ ಹೆಸರನ್ನೂ ಬರೆಯಬೇಕು. ಗುಂಬ, ಅಚ್ಚು, ಕಡಾಣಿ, ಮೂಕಿ, ನೊಗ, ಇವೆಲ್ಲ ಊರಿನಿಂದ ಊರಿಗೆ ಬದಲಾಗುವ ಮಾತುಗಳು. ಬಂಡಿ ಹೋದರೆ ಅವೂ ಹೋಗುತ್ತವೆ.

ಛಾಯಾಚಿತ್ರದ ಬಗ್ಗೆ ನನ್ನ ವೃತ್ತಿಯಿಂದ ಒಂದು ಸಲಹೆ. ಹತ್ತಿರದಿಂದ ತೆಗೆದರೆ ಮುಂದಿನ ಗಾಲಿ ದೊಡ್ಡದಾಗಿ, ಹಿಂದಿನದು ಚಿಕ್ಕದಾಗಿ ಕಾಣುತ್ತದೆ. ಹತ್ತು ಮೀಟರಿಗೂ ಹಿಂದೆ ಸರಿದು, ದೂರದ ವಸ್ತುವನ್ನು ಹತ್ತಿರ ತರುವ ಮಸೂರದಿಂದ, ಕ್ಯಾಮೆರಾವನ್ನು ಅಚ್ಚಿನ ಎತ್ತರಕ್ಕೆ ಹಿಡಿದು ತೆಗೆಯಿರಿ. ಚೌಕಟ್ಟಿನೊಳಗೆ ಒಂದು ಮೀಟರ್ ಕೋಲನ್ನು ಬಂಡಿಗೆ ಒರಗಿಸಿ ನಿಲ್ಲಿಸಿರಿ. ಮುಂದೆ ಯಾರಾದರೂ ಆ ಚಿತ್ರದಿಂದ ಅಳತೆ ತೆಗೆಯಬೇಕಾದರೆ ಆ ಕೋಲು ಸಾಕ್ಷಿಯಾಗುತ್ತದೆ.

ಪ್ರಮಾಣಕ್ಕೆ 1:10 ಅನುಕೂಲ. ಸೆಂಟಿಮೀಟರ್ ಇದ್ದುದು ಮಿಲಿಮೀಟರ್ ಆಗುತ್ತದೆ, ಶಾಲೆಯ ಹುಡುಗರಿಗೂ ಲೆಕ್ಕ ಸುಲಭ. ನಾಲ್ಕು ಮೀಟರ್ ಉದ್ದದ ಬಂಡಿ 40 ಸೆಂಟಿಮೀಟರ್ ಆಗುತ್ತದೆ. ಹೆಚ್ಚುಕಡಿಮೆ ದೈಮಾಬಾದಿನ ರಥದಷ್ಟು! ಮೇಲಿನಿಂದ, ಪಕ್ಕದಿಂದ, ಹಿಂದಿನಿಂದ ಕಾಣುವ ಮೂರು ನಕ್ಷೆಗಳನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಲೋಹವನ್ನು ಆರಿಸುವಾಗ ನನ್ನದೊಂದು ಸೂಚನೆ ಇದೆ. ಮೂಲ ಬಂಡಿಯಲ್ಲಿ ಮರದ್ದಾಗಿರುವ ಭಾಗಗಳನ್ನೆಲ್ಲ ಹಿತ್ತಾಳೆಯಲ್ಲಿ ಮಾಡಿ. ಕಬ್ಬಿಣದ್ದಾಗಿರುವ ಹಳಿ, ಅಚ್ಚು, ಕಡಾಣಿ, ಪಟ್ಟಿಗಳನ್ನು ಜರ್ಮನ್ ಸಿಲ್ವರ್‌ನಲ್ಲಿ ಮಾಡಿ. ಹೆಸರಿನಲ್ಲಿ ಬೆಳ್ಳಿ ಇದ್ದರೂ ಅದರಲ್ಲಿರುವುದು ತಾಮ್ರ, ನಿಕ್ಕಲ್ ಮತ್ತು ಸತು. ಹಗ್ಗವನ್ನು ತಾಮ್ರದ ತಂತಿ ಹೊಸೆದು ಮಾಡಿ. ಆಗ ಹಳದಿ ಬಡಿಗೇರರ ಕೆಲಸ, ಬಿಳುಪು ಕಂಬಾರರ ಕೆಲಸ, ಕೆಂಪು ಹಗ್ಗ ಹೊಸೆದವರ ಕೆಲಸ ಎಂದು ನೋಡಿದ ತಕ್ಷಣ ತಿಳಿಯುತ್ತದೆ. ಬಣ್ಣ ಬಳಿಯುವ ಅಗತ್ಯವೇ ಇಲ್ಲ. ಬಣ್ಣದ ಪದರ ಕಾಲು ಮಿಲಿಮೀಟರ್ ಇದ್ದರೂ ಈ ಪ್ರಮಾಣದಲ್ಲಿ ಅದು ಎರಡೂವರೆ ಮಿಲಿಮೀಟರ್ ದಪ್ಪದ ಗಾರೆಯಂತೆ ಕಂಡು, ಮಾಡಿದ ಸೂಕ್ಷ್ಮ ಕೆಲಸವನ್ನೆಲ್ಲ ಮುಚ್ಚಿಬಿಡುತ್ತದೆ.

ಗಾಲಿಯಿಂದ ಆರಂಭ

ಕೆಲಸವನ್ನು ಗಾಲಿಯಿಂದ ಆರಂಭಿಸಬೇಕು. ಗಾಲಿ ಸರಿ ಬಂದರೆ ಉಳಿದದ್ದು ಬರುತ್ತದೆ. ಹಿತ್ತಾಳೆಯ ಸರಳನ್ನು ಲೇತ್‌ಗೆ ಕಟ್ಟಿ ಗುಂಬವನ್ನು ಕಡೆಯಬೇಕು. ಅದರ ಸುತ್ತ ಮೂವತ್ತು ಮೂವತ್ತು ಡಿಗ್ರಿಗೆ ಒಂದರಂತೆ ಹನ್ನೆರಡು ಗುಳಿ ಕೊರೆಯಬೇಕು. ಒಂದು ಗುಳಿ ಅರ್ಧ ಡಿಗ್ರಿ ತಪ್ಪಿದರೂ ಅರದ ಹೊರತುದಿ ಅರ್ಧ ಮಿಲಿಮೀಟರಿಗೂ ಹೆಚ್ಚು ಸರಿದು, ಗಾಲಿ ತಿರುಗುವಾಗ ಕಣ್ಣಿಗೆ ಚುಚ್ಚುತ್ತದೆ. ಅರಗಳು ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಫೈಲಿನಿಂದ ಉಜ್ಜಿ ಒಂದೊಂದನ್ನೂ ಹದಕ್ಕೆ ತರಬೇಕು. ಎರಡು ಗಾಲಿಗೆ ಇಪ್ಪತ್ತನಾಲ್ಕು ಅರ. ಮೊದಲನೆಯದಕ್ಕೆ ಒಂದು ಸಂಜೆ ಬೇಕಾದರೆ ಕೊನೆಯದಕ್ಕೆ ಅರ್ಧ ಗಂಟೆ ಸಾಕು. ಕೈ ಕಲಿಯುವುದು ಹೀಗೆ. ಹೊರ ಬಳೆಯ ಆರು ತುಂಡುಗಳನ್ನು ಹಿತ್ತಾಳೆಯ ದಪ್ಪ ತಗಡಿನಿಂದ ಸಣ್ಣ ಗರಗಸದಲ್ಲಿ ಕೊಯ್ದು, ಸಂದಿಗೆ 0.3 ಮಿಲಿಮೀಟರ್ ಬಿಟ್ಟು ಜೋಡಿಸಬೇಕು.

ನಂತರ ಹಳಿ. ಇದನ್ನು ಬೆಸುಗೆಯಿಂದ ಅಂಟಿಸಿಬಿಡುವುದು ಸುಲಭ. ಆದರೆ ಕಂಬಾರರ ರೀತಿಯಲ್ಲಿ ಕಾಸಿ ಕೂರಿಸಿದರೆ ಮಾತ್ರ ಮಾದರಿ ನಮಗೆ ಪಾಠ ಹೇಳುತ್ತದೆ. ಹಿಗ್ಗುವುದು ಉದ್ದಕ್ಕೆ ತಕ್ಕ ಪ್ರಮಾಣದಲ್ಲಿ, ಆದ್ದರಿಂದ ಚಿಕ್ಕ ಗಾತ್ರದಲ್ಲೂ ಅದೇ ಲೆಕ್ಕ ನಡೆಯುತ್ತದೆ. 15 ಸೆಂಟಿಮೀಟರ್ ವ್ಯಾಸದ ಜರ್ಮನ್ ಸಿಲ್ವರ್ ಬಳೆಯನ್ನು 400 ಡಿಗ್ರಿಯಷ್ಟು ಕಾಸಿದರೆ ಅದರ ವ್ಯಾಸ ಸುಮಾರು ಒಂದು ಮಿಲಿಮೀಟರ್ ಹೆಚ್ಚುತ್ತದೆ. ‘ಒಂದು ಬೆರಳು’ ಇಲ್ಲಿ ಸುತ್ತಳತೆಯಲ್ಲಿ 1.8 ಮಿಲಿಮೀಟರ್, ಅಂದರೆ ವ್ಯಾಸದಲ್ಲಿ 0.6. ಉಳಿಯುವ ಸಡಿಲ 0.4 ಮಿಲಿಮೀಟರ್. ಸಾಕು.

ಆದರೆ ಒಂದು ಸಂಗತಿ ಮಾತ್ರ ಲೆಕ್ಕಕ್ಕೆ ಸಿಗದೆ ಓಡುತ್ತದೆ. ಅದು ಸಮಯ. ತೆಳುವಾದ ವಸ್ತು ಬೇಗ ತಣಿಯುತ್ತದೆ. ದಪ್ಪ ಹತ್ತನೆಯ ಒಂದು ಭಾಗವಾದರೆ ತಣಿಯುವ ಹೊತ್ತೂ ಸುಮಾರು ಹತ್ತನೆಯ ಒಂದು ಭಾಗವಾಗುತ್ತದೆ. ಕುಲುಮೆಯಲ್ಲಿ ಕಂಬಾರರಿಗೆ ಒಂದೆರಡು ನಿಮಿಷ ಸಿಕ್ಕರೆ ನಮಗೆ ಸಿಗುವುದು ಕೆಲವೇ ಸೆಕೆಂಡು. ಆದ್ದರಿಂದ ಗಾಲಿಯನ್ನು ಹಲಗೆಯ ಮೇಲೆ ಮೊದಲೇ ಭದ್ರಪಡಿಸಿ, ಸುತ್ತ ಮೂರು ಗೂಟ ನೆಟ್ಟು, ಬಳೆ ನೇರವಾಗಿ ಇಳಿಯುವಂತೆ ದಾರಿ ಮಾಡಿಟ್ಟುಕೊಳ್ಳಬೇಕು.

ಗಾತ್ರ ಕುಗ್ಗಿದಾಗ ಎಲ್ಲ ಗುಣಗಳೂ ಒಂದೇ ಸಮನಾಗಿ ಕುಗ್ಗುವುದಿಲ್ಲ ಎಂದು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲೇ ವಿವರಿಸಿದ್ದಾನೆ. ಉದ್ದ ಹತ್ತರಲ್ಲಿ ಒಂದಾದರೆ ಮೈಯ ವಿಸ್ತೀರ್ಣ ನೂರರಲ್ಲಿ ಒಂದು, ತೂಕ ಸಾವಿರದಲ್ಲಿ ಒಂದು. 300 ಕಿಲೋ ತೂಗುವ ಬಂಡಿಯ ಮಾದರಿಯನ್ನು ಅದೇ ಮರ, ಅದೇ ಕಬ್ಬಿಣದಲ್ಲಿ ಮಾಡಿದರೆ ತೂಕ 300 ಗ್ರಾಂ ಮಾತ್ರ. ಹಿತ್ತಾಳೆ ಕರಿಜಾಲಿ ಮರಕ್ಕಿಂತ ಸುಮಾರು ಹತ್ತು ಪಟ್ಟು ಭಾರ, ಆದ್ದರಿಂದ ನಮ್ಮ ಲೋಹದ ಬಂಡಿ ಎರಡರಿಂದ ಮೂರು ಕಿಲೋ ತೂಗಬಹುದು. ಆದರೂ ಅಚ್ಚು ಬಾಗುವುದಿಲ್ಲ. ಚಿಕ್ಕ ವಸ್ತು ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ಗಟ್ಟಿ. ಇರುವೆ ತನಗಿಂತ ಭಾರವನ್ನು ಹೊರುವುದೂ ಇದೇ ಕಾರಣದಿಂದ.

ಪತ್ತಾರರ ಅಂಗಡಿಯ ಸಲಕರಣೆ

ಇಷ್ಟೆಲ್ಲ ಕೆಲಸಕ್ಕೆ ವಿದೇಶದಿಂದ ಯಂತ್ರ ತರಿಸಬೇಕೇ? ಬೇಡ. ಗಂಗಾವತಿಯಂಥ ಊರಿನ ಪತ್ತಾರರ ಅಂಗಡಿಗೆ ಹೋಗಿ ನೋಡಿ. ತಂತಿಯನ್ನು ಬೇಕಾದಷ್ಟು ಸಣ್ಣಗೆ ಎಳೆಯುವ ಕಂಬಚ್ಚು ಅಲ್ಲಿದೆ. ಚಿಮಟ, ಸಣ್ಣ ಇಕ್ಕಳ, ಊದುಗೊಳವೆ, ಅಡಿಗಲ್ಲು, ಸೂಕ್ಷ್ಮ ತಕ್ಕಡಿ ಅಲ್ಲಿವೆ. ಬೆಸುಗೆ ಹರಿಯಲು ಬೇಕಾದ ಬಿಳಿಗಾರ ಅಲ್ಲಿದೆ. ಮೂಗುತಿಗೆ ಹರಳು ಕೂರಿಸುವ ಕೈಗೆ 0.8 ಮಿಲಿಮೀಟರಿನ ಮೊಳೆಯ ತಲೆ ದೊಡ್ಡ ವಿಷಯವಲ್ಲ. ಗುಂಬ ಕಡೆಯಲು ಬೇಕಾದ ಲೇತ್ ಅದೇ ಪೇಟೆಯ ಮೋಟಾರು ರಿಪೇರಿ ಅಂಗಡಿಯಲ್ಲೋ ಐಟಿಐನಲ್ಲೋ ಸಿಗುತ್ತದೆ.

ಪತ್ತಾರರಿಂದ ಕಲಿಯಬೇಕಾದ ಮುಖ್ಯ ಗುಟ್ಟು ಬೆಸುಗೆಯ ಸರದಿ. ಚಿಕ್ಕ ವಸ್ತುವಿನಲ್ಲಿ ಶಾಖ ಕ್ಷಣದಲ್ಲಿ ಹರಡುತ್ತದೆ. ಎರಡನೆಯ ಬೆಸುಗೆ ಹಾಕುವಷ್ಟರಲ್ಲಿ ಮೊದಲನೆಯದು ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಮೊದಲ ಕೂಡಿಕೆಗಳಿಗೆ 600 ಡಿಗ್ರಿಗೂ ಮೇಲೆ ಕರಗುವ ಬೆಳ್ಳಿ ಬೆಸುಗೆ ಬಳಸಿ, ಕೊನೆಯ ಸಣ್ಣ ಕೂಡಿಕೆಗಳಿಗೆ 183 ಡಿಗ್ರಿಯಲ್ಲಿ ಕರಗುವ ತವರ-ಸೀಸದ ಬೆಸುಗೆ ಬಳಸಬೇಕು. ಹಳಿಯನ್ನು ಬಳೆಯಾಗಿ ಕೂಡಿಸುವಾಗ ಬೆಳ್ಳಿ ಬೆಸುಗೆಯೇ ಆಗಬೇಕು. ಇಲ್ಲದಿದ್ದರೆ 400 ಡಿಗ್ರಿಗೆ ಕಾಸಿದಾಗ ಬಳೆ ಬಾಯಿಬಿಡುತ್ತದೆ. ಮುಗಿದ ಭಾಗದ ಪಕ್ಕದಲ್ಲಿ ಬೆಸುಗೆ ಹಾಕುವಾಗ ಆ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿದರೆ ಶಾಖ ತಾಗುವುದಿಲ್ಲ. ಕೊನೆಗೆ ಕರಿ ಹಿಡಿದ ಹಿತ್ತಾಳೆಯನ್ನು ಹುಣಸೆಹಣ್ಣಿನ ನೀರಿನಲ್ಲಿ ತೊಳೆದರೆ ಮನೆಯ ಕೊಡಪಾನದಂತೆ ಬೆಳಗುತ್ತದೆ.

ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಚಿನ್ನದಂಗಡಿಗಳಲ್ಲಿ ‘ಕೆಡಿಎಂ’ ಎಂಬ ಹೆಸರು ಕೇಳಿರುತ್ತೀರಿ. ಅದು ಕ್ಯಾಡ್ಮಿಯಂ ಸೇರಿದ ಬೆಸುಗೆಯ ಹೆಸರು. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಕೆಲವು ಬೆಳ್ಳಿ ಬೆಸುಗೆಗಳಲ್ಲೂ ಅದು ಇರುತ್ತದೆ. ಕ್ಯಾಡ್ಮಿಯಂ ಇಲ್ಲದ ಬೆಸುಗೆಯನ್ನೇ ಕೇಳಿ ಕೊಳ್ಳಿರಿ. ಗಾಳಿಯಾಡುವ ಕಡೆ ಕುಳಿತು ಕೆಲಸ ಮಾಡಿರಿ. ಸೀಸ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಊಟಕ್ಕೆ ಕೂರಬೇಡಿ. ಎಳೆಯ ಮಕ್ಕಳಿಗೆ ಅಳತೆ ಮತ್ತು ನಕ್ಷೆಯ ಕೆಲಸ ಕೊಡಿ, ಬೆಂಕಿಯ ಕೆಲಸ ದೊಡ್ಡವರಿಗಿರಲಿ.

ಯಾರು ಮಾಡಬೇಕು?

ಐಟಿಐಗಳಲ್ಲಿ ಫಿಟ್ಟರ್, ಟರ್ನರ್ ಓದುವ ಹುಡುಗರು ಪರೀಕ್ಷೆಗಾಗಿ ಕಬ್ಬಿಣದ ತುಂಡನ್ನು ಚೌಕಕ್ಕೆ ಉಜ್ಜಿ, ಅದು ಕೂರುವ ಗುಳಿಯನ್ನೂ ಉಜ್ಜಿ ತೋರಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಆ ತುಂಡು ಗುಜರಿಗೆ ಹೋಗುತ್ತದೆ. ಅದೇ ಕೌಶಲದಿಂದ ಅವರು ತಮ್ಮ ಊರಿನ ಬಂಡಿಯ ಒಂದು ಗಾಲಿ ಮಾಡಲಿ. ಆರು ಜನ ಸೇರಿದರೆ ಒಂದು ವರ್ಷದಲ್ಲಿ ಇಡೀ ಬಂಡಿಯಾಗುತ್ತದೆ. ಶಾಲೆಯ ವಿಜ್ಞಾನ ಶಿಕ್ಷಕರಿಗೆ ಉಷ್ಣದ ಪಾಠಕ್ಕೆ, ಗಣಿತದ ಶಿಕ್ಷಕರಿಗೆ ಅನುಪಾತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಊರಿನ ಹಿರಿಯ ಕಂಬಾರರನ್ನು, ಬಡಿಗೇರರನ್ನು ಶಾಲೆಗೆ ಕರೆದು, ಶಾಲು ಹೊದಿಸಿ ಕಳಿಸಿಬಿಡುವುದರಿಂದ ಉಪಯೋಗ ಕಡಿಮೆ. ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಹುಡುಗರು ಮಾಡಿದ ಗಾಲಿಯನ್ನು ಅವರ ಕೈಗೆ ಕೊಟ್ಟು, “ಎಲ್ಲಿ ತಪ್ಪೈತಿ ಹೇಳ್ರಿ ಯಜ್ಜಾ” ಎಂದು ಕೇಳಬೇಕು. ಆಗ ಅವರು ಹೇಳುವ ಪ್ರತಿಯೊಂದು ಮಾತೂ ದಾಖಲೆಯಾಗುತ್ತದೆ. ‘ಬಾಯಿಲೆ ಹೇಳಾಕ ಬರಂಗಿಲ್ಲ’ ಎಂದವರಿಗೂ ತಪ್ಪನ್ನು ತೋರಿಸಲು ಬರುತ್ತದೆ.

ಸಿದ್ಧವಾದ ಮಾದರಿ ಊರ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಗಾಜಿನ ಪೆಟ್ಟಿಗೆಯಲ್ಲಿರಲಿ. ನಕ್ಷೆ ಮತ್ತು ಅಳತೆಯ ಪುಸ್ತಕದ ಪ್ರತಿಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೂ, ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೂ ಒಪ್ಪಿಸಬಹುದು. ಒಂದು ಪ್ರತಿ ಹಾಳಾದರೆ ಇನ್ನೊಂದು ಇರುತ್ತದೆ. ಬಂಡಿ ಒಂದೇ ಆಗಬೇಕೆಂದೂ ಇಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಒಣ ಹೊಲದ ಬಂಡಿಗೂ ಗಂಗಾವತಿ ಕಡೆಯ ಬಂಡಿಗೂ ಗಾಲಿಯ ಎತ್ತರದಲ್ಲಿ, ಹಳಿಯ ಅಗಲದಲ್ಲಿ ವ್ಯತ್ಯಾಸವಿದೆಯೇ ಎಂಬುದನ್ನು ಅಳೆದೇ ತಿಳಿಯಬೇಕು. ಮುಂದೆ ಇಂದಿನ ಕೇಜ್ ವ್ಹೀಲ್ ಟ್ರ್ಯಾಕ್ಟರಿನ ಸರದಿಯೂ ಬರುತ್ತದೆ. ಈಗ ಎಲ್ಲೆಲ್ಲೂ ಕಾಣುವ ವಸ್ತುವನ್ನು ಯಾರೂ ಅಳೆದಿಡುವುದಿಲ್ಲ. ಅದು ಅಪರೂಪವಾದಾಗ ಅಳೆಯಲು ಹೊರಟರೆ, ಹೇಳಿಕೊಡುವವರು ಇರುವುದಿಲ್ಲ.

ವೀಕ್ಷಕರೇ, ದೈಮಾಬಾದಿನ ಆ ಕಂಚಿನ ರಥವನ್ನು ಎರಕ ಹೊಯ್ದವನ ಹೆಸರು ನಮಗೆ ಗೊತ್ತಿಲ್ಲ. ಅವನು ತನ್ನ ಕಾಲದ ಬಂಡಿಯನ್ನು ಚೆನ್ನಾಗಿ ನೋಡಿದ್ದ ಎಂಬುದು ಮಾತ್ರ ಗೊತ್ತು. ನಮ್ಮ ಕಾಲದ ಬಂಡಿಯನ್ನು ನೋಡಿದವರು, ಮಾಡಿದವರು, ಅದರ ಮೇಲೆ ಕುಳಿತು ಜಾತ್ರೆಗೆ ಹೋದವರು ಇನ್ನೂ ನಮ್ಮ ನಡುವೆ ಇದ್ದಾರೆ. ನಿಮ್ಮ ಊರಿನಲ್ಲಿ ಅಂಥ ಬಂಡಿ ಒಂದು ನಿಂತಿದ್ದರೆ, ಬರುವ ಭಾನುವಾರ ಒಂದು ಟೇಪು, ಒಂದು ನೋಟುಪುಸ್ತಕ ಹಿಡಿದು ಅದರ ಬಳಿಗೆ ಹೋಗಿ. ಮೊದಲು ಗಾಲಿಯ ಅರಗಳನ್ನು ಎಣಿಸಿ. ಉಳಿದ ಕೆಲಸ ಅಲ್ಲಿಂದ ತಾನಾಗಿ ಮುಂದುವರಿಯುತ್ತದೆ.